ಮಳೆಗಾಲದಲ್ಲಿ ಡ್ರೈ ಫ್ರೂಟ್ಸ್ ಡಬ್ಬಕ್ಕೆ ಹಾಕೋ ಮುಂಚೆ
ರಸೆಲ್ ಮಾರ್ಕೆಟ್ಟಿಂದ ಅಂಜೂರ, ಒಣದ್ರಾಕ್ಷಿ ಕೇಜಿಗಟ್ಟಲೆ ತಂದು ಇಡೋರು ಇದನ್ನ ದಯವಿಟ್ಟು ಓದಿ, ಹೋದ್ ಜುಲೈನಲ್ಲಿ ನಮ್ಮನೇಲಿ ಅರ್ಧ ಕೇಜಿ ಅಂಜೂರಕ್ಕೆ ಬೂಸ್ಟು ಬಂದು ಎಸೀಬೇಕಾಯ್ತು, ತುಂಬಾ ಬೇಜಾರಾಯ್ತು. ಕಾರಣ ಏನಂದ್ರೆ ತೊಳೆದ ಡಬ್ಬ ಒಳಗಡೆ ಸ್ವಲ್ಪ ತೇವ ಇತ್ತು, ಬೆಂಗಳೂರು ಮಳೇಲಿ ಅಷ್ಟೇ ಸಾಕು. ಡಬ್ಬ ಒರೆಸಿದ್ರೆ ಸಾಲಲ್ಲ, ಮುಚ್ಚಳದ ರಬ್ಬರ್ ರಿಂಗ್ ಬಿಚ್ಚಿ ಅದನ್ನೂ ಪೂರ್ತಿ ಒಣಗಿಸಿ. ಡಬ್ಬದ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ರೆ ಅದು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್, ಜೊತೆಗೆ ಫುಡ್ ಗ್ರೇಡ್ ಅಂತಲೂ ಇರೋದನ್ನ ತಗೊಳ್ಳಿ, ಹಳೇ ಉಪ್ಪಿನಕಾಯಿ ಡಬ್ಬ ಮಾತ್ರ ಬೇಡ, ವಾಸನೆ ಹೋಗಲ್ಲ. ದಿನಾ ತಿನ್ನೋಕೆ ಚಿಕ್ಕ ಡಬ್ಬ ಹೊರಗಿಡಿ, ಮಿಕ್ಕಿದ್ದು ಫ್ರಿಜ್ಜಲ್ಲಿ. ಫ್ರಿಜ್ಜಿಂದ ತೆಗೆದ ತಕ್ಷಣ ಮುಚ್ಚಳ ತೆಗೀಬೇಡಿ, ತಣ್ಣಗಿರೋ ಹಣ್ಣಿನ ಮೇಲೆ ನೀರು ಕೂರತ್ತೆ, ಅರ್ಧ ಗಂಟೆ ಬಿಟ್ಟು ತೆಗೀರಿ.