ನೀವು ನೋಡಿದ್ದು ಯಾವ ಪ್ರತಿ? ಥೀಸಿಸ್‌ನಲ್ಲಿ ಸಿನಿಮಾ ಉಲ್ಲೇಖಿಸುವ ಬಗೆ

ಸಿನಿಮಾ ಬಗ್ಗೆ ಬರೆದ ಎಂ.ಎ. ಪ್ರಬಂಧ, ಪಿಎಚ್.ಡಿ. ಥೀಸಿಸ್‌ಗಳ ಕೊನೆಯ ಪುಟ ತಿರುವಿ ನೋಡಿ. ಪುಸ್ತಕಗಳಿಗೆ ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ ಎಲ್ಲವೂ ಇರುತ್ತದೆ. ಸಿನಿಮಾ ಸರದಿ ಬಂದರೆ 'ಘಟಶ್ರಾದ್ಧ, ಯೂಟ್ಯೂಬ್' ಅಂತ ಒಂದೇ ಸಾಲು. ಒಂದಿಡೀ ಅಧ್ಯಾಯ ಆ ಸಿನಿಮಾ ಮೇಲೆ ನಿಂತಿರುತ್ತದೆ, ಆದರೂ ಇಷ್ಟೇ. ವೈವಾದಲ್ಲಿ ಯಾರಾದರೂ 'ಯಾವ ಪ್ರತಿ ನೋಡಿದ್ರಿ?' ಅಂದರೆ ಮುಖ ಮುಖ ನೋಡಬೇಕು.

ಮೊದಲು ಶೈಲಿ, ಅಂದರೆ ಆಕರಗಳನ್ನು ಪಟ್ಟಿ ಮಾಡುವ ಕ್ರಮ. ಎಂಎಲ್‌ಎ (MLA), ಎಪಿಎ (APA) ಅಂಥ ಎರಡು ಕ್ರಮಗಳು. ಎಂಎಲ್‌ಎ ಬೇಕೋ ಎಪಿಎ ಬೇಕೋ ಗೈಡ್ ಹತ್ತಿರ ಕೇಳಿ. ಆಯ್ಕೆ ನಿಮಗೇ ಬಿಟ್ಟಿದ್ದರೆ ಎಂಎಲ್‌ಎ ಹಿಡಿಯಿರಿ. ಅದರಲ್ಲಿ ಸಾಮಾನ್ಯವಾಗಿ ಸಿನಿಮಾ ಹೆಸರೇ ಮೊದಲು ಬರುತ್ತದೆ, ಹುಡುಕುವವರಿಗೆ ಸುಲಭ.

ಎಂಎಲ್‌ಎ: ಕಾಂತಾರ. ನಿರ್ದೇಶನ ರಿಷಬ್ ಶೆಟ್ಟಿ, ಹೊಂಬಾಳೆ ಫಿಲ್ಮ್ಸ್, 2022.

ಎಪಿಎ: ಶೆಟ್ಟಿ, ರಿ. (ನಿರ್ದೇಶಕ). (2022). ಕಾಂತಾರ [ಚಲನಚಿತ್ರ]. ಹೊಂಬಾಳೆ ಫಿಲ್ಮ್ಸ್.

ಚೌಕ ಕಂಸದ 'ಚಲನಚಿತ್ರ' ಸುಮ್ನೆ ಅಲಂಕಾರಕ್ಕಲ್ಲ. 'ಸಂಸ್ಕಾರ' ಅಂದರೆ ಅನಂತಮೂರ್ತಿಯವರ 1965ರ ಕಾದಂಬರಿಯೂ ಹೌದು, ಪಟ್ಟಾಭಿರಾಮ ರೆಡ್ಡಿಯವರ 1970ರ ಸಿನಿಮಾವೂ ಹೌದು. ಕನ್ನಡದಲ್ಲಿ ಇಂಥ ಜೋಡಿಗಳು ಜಾಸ್ತಿ. 'ನಿರ್ದೇಶಕ' ಎಂಬ ಪದವನ್ನೂ ಬಿಡಬೇಡಿ. 'ಬಂಗಾರದ ಮನುಷ್ಯ'ದ ಸಿದ್ದಲಿಂಗಯ್ಯ ಬೇರೆ, ಕವಿ ಸಿದ್ಧಲಿಂಗಯ್ಯ ಬೇರೆ. ಇಬ್ಬರನ್ನೂ ಒಬ್ಬರೇ ಮಾಡಿಟ್ಟ ಪಟ್ಟಿಗಳನ್ನು ನೋಡಿದ್ದೇನೆ.

ಆನ್‌ಲೈನ್‌ನಲ್ಲಿ ಸಿಗುವ, ಉಲ್ಲೇಖವನ್ನು ತಾವೇ ಬರೆದುಕೊಡುವ ಸೈಟೇಶನ್ ಜನರೇಟರ್‌ಗಳ ಸಹವಾಸ ಬೇಡ. ಯೂಟ್ಯೂಬ್ ಲಿಂಕ್ ಹಾಕಿದರೆ ಸಿನಿಮಾ ಹಾಕಿದ ಚಾನೆಲ್ಲನ್ನೇ ಕರ್ತೃ ಮಾಡಿ ಕೂರಿಸುತ್ತವೆ. ಹೆಸರುಗಳನ್ನೂ ಕೆಡಿಸುತ್ತವೆ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರು 'ಬಾಬು, ಎಸ್. ವಿ. ಆರ್.' ಆಗಿಬಿಟ್ಟರೆ ಯಾರು ಗುರುತಿಸುತ್ತಾರೆ? ಇಂಥ ಹೆಸರುಗಳನ್ನು ಪೂರ್ತಿ ಬರೆಯಿರಿ, ಅದಕ್ಕೆ ಗೈಡ್ ಒಪ್ಪಿಗೆ ಪಡೆದುಕೊಳ್ಳಿ. ಆಕರಗಳ ಪಟ್ಟಿ ಇಟ್ಟುಕೊಳ್ಳುವ ಝೋಟೆರೋ ಸಾಫ್ಟ್‌ವೇರ್ ಪರವಾಗಿಲ್ಲ. ಆದರೆ ವಿವರಗಳನ್ನು ನೀವೇ ಟೈಪ್ ಮಾಡಬೇಕು.

ವರ್ಷ ಅಂದರೆ ಸಿನಿಮಾದ ವರ್ಷ, ಅಪ್‌ಲೋಡ್ ಆದ ವರ್ಷವಲ್ಲ. 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ತೋರಿಸಿದ ಚಿತ್ರ, ಥಿಯೇಟರಿಗೆ ಬಂದದ್ದು 2016ರಲ್ಲಿ. ನಾನಾದರೆ ಮೊದಲ ಪ್ರದರ್ಶನದ ವರ್ಷ ಹಾಕುತ್ತೇನೆ. ಯಾವುದನ್ನೇ ಹಾಕಿ, ಥೀಸಿಸ್ ಉದ್ದಕ್ಕೂ ಅದನ್ನೇ ಪಾಲಿಸಿ. ಶುರುವಿನಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟಿನ ತಾರೀಕನ್ನು ಮಾತ್ರ ನಂಬಿ ಕೂರಬೇಡಿ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ಬಿಡುಗಡೆ ಆಗುವುದೂ ಉಂಟು.

ಈಗ ಎಲ್ಲರೂ ಎಡವುವ ಜಾಗ: ಪ್ರತಿ. 'ಕಾಂತಾರ'ವನ್ನೇ ನೋಡಿ. 2022ರ ನವೆಂಬರಿನಲ್ಲಿ ಅದು ಅಮೆಜಾನ್ ಪ್ರೈಮ್‌ಗೆ ಬಂದಾಗ 'ವರಾಹ ರೂಪಂ' ಹಾಡಿಗೆ ಬೇರೆ ರಾಗ ಹಾಕಿದ್ದರು. ಹಾಡಿನ ಮೇಲೆ ಕೋರ್ಟಿನಲ್ಲಿ ವ್ಯಾಜ್ಯ ಇತ್ತು. ಥಿಯೇಟರಿನಲ್ಲಿ ಕೇಳಿದ್ದ ಹಾಡು ಆಮೇಲೆ ವಾಪಸ್ ಬಂತು. ಆ ನಡುವೆ ನೋಡಿ ಕ್ಲೈಮ್ಯಾಕ್ಸಿನ ಸಂಗೀತದ ಬಗ್ಗೆ ಬರೆದವರ ಮಾತು ಈಗ ನೋಡುವವರಿಗೆ ತಪ್ಪು ಅನ್ನಿಸುತ್ತದೆ, ಅಲ್ವಾ? 'ಘಟಶ್ರಾದ್ಧ' 1977ರದು. ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಮಸುಕಾದ ಯೂಟ್ಯೂಬ್ ಪ್ರತಿ ನೋಡಿ ಅದರ ನೆರಳು-ಬೆಳಕಿನ ಬಗ್ಗೆ ನಾಲ್ಕು ಪುಟ ಬರೆದರೆ, ಯಾವ ಪ್ರತಿ ಅಂತ ಹೇಳಲೇಬೇಕು.

ಹಾಗಾಗಿ ವರ್ಷದ ನಂತರ ವೇದಿಕೆಯ ಹೆಸರು, ಲಿಂಕ್, ನೋಡಿದ ತಾರೀಕು ಸೇರಿಸಿ. ನೋಡಿದ್ದು ಡಬ್ಬಿಂಗ್ ಆದರೆ ಯಾವ ಭಾಷೆ ಅಂತಲೂ ಬರೆಯಿರಿ. ಸಿನಿಮಾ ಎಲ್ಲಿ ನೋಡಿದಿರಿ ಎಂಬುದನ್ನು ಎಪಿಎ ಕೇಳುವುದಿಲ್ಲ. ಎಂಎಲ್‌ಎಗೆ ನೋಡಿದ ತಾರೀಕು ಕಡ್ಡಾಯ ಅಲ್ಲ. ಆದರೂ ಹಾಕಿ. ಎಪಿಎ ಬಳಸುವವರು ಅಡಿಟಿಪ್ಪಣಿಯಲ್ಲಿ ಹೇಳಿದರಾಯಿತು.

ಲಿಂಕ್ ಕಾಪಿ ಮಾಡುವಾಗ ಸ್ವಲ್ಪ ನಿಧಾನಿಸಿ. ಯೂಟ್ಯೂಬಿನ 'ಶೇರ್' ಒತ್ತಿದರೆ ಸಿಗುವ ಚಿಕ್ಕ ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಹಿಂದೆ 'ಎಸ್‌ಐ' (si) ಅಂತ ಶುರುವಾಗುವ ಉದ್ದನೆ ಬಾಲ ಇರುತ್ತದೆ. ಆ ಚಿಹ್ನೆಯಿಂದ ಮುಂದಿನದನ್ನೆಲ್ಲ ಅಳಿಸಿ, ಅದು ಬರೀ ಟ್ರ್ಯಾಕಿಂಗ್. ಬ್ರೌಸರಿನ ಮೇಲ್ಪಟ್ಟಿಯ ಉದ್ದ ಲಿಂಕಿನಲ್ಲಿ ಮಾತ್ರ ಹಾಗೆ ಮಾಡಬೇಡಿ. ಅಲ್ಲಿ ವಿಡಿಯೋದ ಗುರುತೇ ಆ ಚಿಹ್ನೆಯ ನಂತರ ಬರುತ್ತದೆ, ಅಳಿಸಿದರೆ ಲಿಂಕ್ ಸತ್ತಂತೆ. ಅಲ್ಲಿ 'ಆಂಪರ್ಸೆಂಡ್' (&) ಚಿಹ್ನೆಯಿಂದ ಮುಂದಕ್ಕೆ ಕತ್ತರಿಸಿ.

ಮಾತು ಅಥವಾ ದೃಶ್ಯ ಉಲ್ಲೇಖಿಸುವಾಗ ಪುಟಸಂಖ್ಯೆಯ ಬದಲು ಸಮಯ: 00:41:10–00:42:05 ಹೀಗೆ ಗಂಟೆ, ನಿಮಿಷ, ಸೆಕೆಂಡ್. ಯೂಟ್ಯೂಬ್ ಪ್ರತಿಗಳ ಶುರುವಿಗೆ ಚಾನೆಲ್‌ನವರು ತಮ್ಮ ಲೋಗೊ ಅಂಟಿಸಿರುತ್ತಾರೆ, ನಡುವೆ ಹಾಡು ಕತ್ತರಿಸಿರುತ್ತಾರೆ. ಹಾಗಾಗಿ ಒಂದು ಪ್ರತಿಯ ಸಮಯ ಇನ್ನೊಂದಕ್ಕೆ ಹೊಂದುವುದಿಲ್ಲ. ಸಮಯದ ಜೊತೆ ದೃಶ್ಯ ಯಾವುದು ಅಂತ ಅರ್ಧ ಸಾಲು ಬರೆದಿಡಿ. ನಾಳೆ ವಿಡಿಯೋ ಡಿಲೀಟ್ ಆದರೂ ಓದುವವರು ದೃಶ್ಯ ಹುಡುಕಿಕೊಳ್ಳುತ್ತಾರೆ. ಕಾಪಿರೈಟ್ ತಪ್ಪಿಸಲು ಎಡ-ಬಲ ತಿರುಗಿಸಿ ಹಾಕಿದ ಪ್ರತಿಗಳನ್ನಂತೂ ಮುಟ್ಟಲೇಬೇಡಿ.

ಯೂಟ್ಯೂಬಿಗೆಂದೇ ಮಾಡಿದ ಸಂದರ್ಶನ, ವಿಮರ್ಶೆಗಳಿಗೆ ಲೆಕ್ಕ ಬೇರೆ. ಎಪಿಎಯಲ್ಲಿ ಅಲ್ಲಿ ಚಾನೆಲ್ಲೇ ಕರ್ತೃ, ಚೌಕ ಕಂಸದಲ್ಲಿ 'ವಿಡಿಯೋ', ಮತ್ತು ಸಿನಿಮಾಗೆ ಬೇಡ ಅಂದ ಅಪ್‌ಲೋಡ್ ತಾರೀಕು ಇಲ್ಲಿ ಬೇಕೇ ಬೇಕು.