ಸ್ಲ್ಯಾಬಿನ ಮೂಲೆ

ಜರ್ಮನಿಯ ಡ್ಯುಯಿಸ್‌ಬರ್ಗ್‌ನಲ್ಲಿ ನನ್ನ ಮೊದಲ 3 ವರ್ಷ ಕಳೆದದ್ದು ಕುಲುಮೆಯ ಮುಂದಲ್ಲ, ಎಮರಿ ಕಾಗದದ ಮುಂದೆ. ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದಿ, ಆಖೆನ್‌ನಲ್ಲಿ ಡಾಕ್ಟರೇಟ್ ಮುಗಿಸಿದ್ದೆ. ಉಕ್ಕಿನ ಕಾರ್ಖಾನೆಯಲ್ಲಿ ಸಿಕ್ಕ ಕೆಲಸವೆಂದರೆ ಬಿರುಕು ಬಿಟ್ಟ ತುಂಡನ್ನು ಕತ್ತರಿಸಿ, ಕನ್ನಡಿಯಾಗುವಷ್ಟು ಉಜ್ಜಿ, ನೈಟಲ್‌ನಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಡುವುದು. ನೈಟಲ್ ಎಂದರೆ ಮದ್ಯಸಾರದಲ್ಲಿ ಬೆರೆಸಿದ ಶೇ. 2–3ರಷ್ಟು ನೈಟ್ರಿಕ್ ಆಮ್ಲ. ಕೆಲವು ಸೆಕೆಂಡು ಹೆಚ್ಚಾದರೆ ಮಾದರಿ ಕಪ್ಪಿಟ್ಟು ಬೆಳಗಿನ ಶ್ರಮವೆಲ್ಲ ನೀರುಪಾಲು.

ಒಂದು ಚಳಿಗಾಲದಲ್ಲಿ ನಿಯೋಬಿಯಂ ಎಂಬ ಲೋಹ ಬೆರೆಸಿದ ಉಕ್ಕಿನ ಸ್ಲ್ಯಾಬ್‌ಗಳ, ಅಂದರೆ ಎರಕದಿಂದ ಬರುವ ದಪ್ಪ ಚಪ್ಪಡಿಗಳ, ಮೂಲೆಯಲ್ಲಿ ಅಡ್ಡಬಿರುಕು ಕಾಣಿಸಿಕೊಂಡಿತು. ಗ್ಯಾಸ್ ಜ್ವಾಲೆಯಿಂದ ಮೇಲ್ಮೈ ಸುಲಿದರಷ್ಟೇ ಕಾಣುವಷ್ಟು ಸಣ್ಣದು. ಸೂಕ್ಷ್ಮದರ್ಶಕದಲ್ಲಿ ಹಳೆಯ ಆಸ್ಟಿನೈಟ್ (ಉಕ್ಕು ಚೆನ್ನಾಗಿ ಕಾದಿರುವಾಗಿನ ರಚನೆ) ಕಣಗಳ ಅಂಚಿಗೆ ಫೆರೈಟ್‌ನ (ತಣಿಯುವಾಗ ಮೂಡುವ ಮೆದು ರಚನೆ) ಬಿಳಿ ಗೆರೆ. ಬಿರುಕು ಆ ಗೆರೆ ಹಿಡಿದೇ ಸಾಗಿತ್ತು. ಸಾರಜನಕ ಹೆಚ್ಚಾಗಿದೆ ಎಂದು ವರದಿ ಬರೆದೆ. ಕರಗಿದ ಕಬ್ಬಿಣವನ್ನು ಉಕ್ಕಾಗಿಸುವ ಕನ್ವರ್ಟರ್‌ನವರು ಗೊಣಗುತ್ತಲೇ ಇಳಿಸಿದರು. ಬಿರುಕು ಕಡಿಮೆಯಾಯಿತು, ನಿಲ್ಲಲಿಲ್ಲ.

ಕರಗಿದ ಉಕ್ಕನ್ನು ಎಡೆಬಿಡದೆ ಸ್ಲ್ಯಾಬಾಗಿ ಎರೆಯುವ ನಿರಂತರ ಎರಕ ಯಂತ್ರದ ಹಿರಿಯ ಕೆಲಸಗಾರರೊಬ್ಬರು ಒಂದು ದಿನ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ‘ಹೆರ್ ಡಾಕ್ಟರ್, ಮೂಲೆ ನೋಡಿದ್ದೀರಾ?’ ಎಂದರು.

‘ದಿನವೂ ಅದನ್ನೇ ನೋಡುತ್ತಿದ್ದೇನೆ.’

‘ಕತ್ತರಿಸಿದ್ದನ್ನಲ್ಲ, ಬಿಸಿಯಾಗಿರುವುದನ್ನು.’

ಅವರೊಂದಿಗೆ ಕೆಳಗಿಳಿದೆ. ಹಬೆಯ ನಡುವಿನಿಂದ ಸ್ಲ್ಯಾಬ್ ಕಿತ್ತಳೆ ಬಣ್ಣದಲ್ಲಿ ತೆವಳಿ ಬರುತ್ತಿತ್ತು. ಎರಡೂ ಅಂಚಿನಲ್ಲಿ ಬೆರಳಗಲದ ಕಪ್ಪು ಪಟ್ಟಿ. ಆ ವಾರದ ಸ್ಲ್ಯಾಬ್‌ಗಳ ಅಗಲ ಕಡಿಮೆ. ನೀರು ಚಿಮ್ಮಿಸುವ ನಾಝಲ್‌ಗಳ ಸಾಲು ಮಾತ್ರ ಅಗಲ ಸ್ಲ್ಯಾಬಿಗೆ ಹೊಂದಿಸಿದಂತೆಯೇ ಇತ್ತು. ಕೊನೆಯ ನಾಝಲ್‌ಗಳು ನೇರ ಮೂಲೆಗೇ ಸುರಿಯುತ್ತಿದ್ದವು. ಬಿಲ್ಲಿನಂತೆ ಬಾಗಿ ಇಳಿದ ಸ್ಲ್ಯಾಬನ್ನು ಯಂತ್ರ ನೇರ ಮಾಡುವಾಗ ಮೇಲ್ಮೈ ಹಿಗ್ಗುತ್ತದೆ. ಈ ಬಗೆಯ ಉಕ್ಕು ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ನಡುವೆ ಎಳೆತ ತಾಳುವುದಿಲ್ಲ. ನಮ್ಮ ಮೂಲೆಗಳು ನೇರವಾಗುವ ಜಾಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಆ ಶಾಖಕ್ಕೆ ಇಳಿದಿರುತ್ತಿದ್ದವು. ಹೊರಗಿನ ನಾಝಲ್‌ಗಳನ್ನು ಮುಚ್ಚಿಸಿದೆವು. ನನ್ನ ಎರಡನೆಯ ವರದಿ ಅರ್ಧ ಪುಟ. ಮೊದಲನೆಯದು 40 ಪುಟವಿತ್ತು.

ಮುಂದೆ ಪಾಳಿಯ ಎಂಜಿನಿಯರ್, ಎರಕ ಘಟಕದ ಮೇಲ್ವಿಚಾರಕ, ಕೊನೆಗೆ ಉಕ್ಕು ವಿಭಾಗದ ಮುಖ್ಯಸ್ಥನಾದೆ. ಬಡ್ತಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಸಭೆಗಳು ಹೆಚ್ಚಾದವು ಅಷ್ಟೆ. ಜರ್ಮನಿಯ ಉಕ್ಕಿನ ಉದ್ಯಮದಲ್ಲಿ ಆಡಳಿತ ನಡೆಸುವವನು 1951ರ ಕಾನೂನೊಂದನ್ನು ಅರಿತಿರಬೇಕು. 1000ಕ್ಕಿಂತ ಹೆಚ್ಚು ಜನರಿರುವ ಗಣಿ ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಮಾಲೀಕರ ಕಡೆಯವರೆಷ್ಟೋ ಕಾರ್ಮಿಕರ ಕಡೆಯವರೂ ಅಷ್ಟೇ, ನಡುವೆ ಒಬ್ಬ ತಟಸ್ಥ ಸದಸ್ಯ. ಹೀಗಾಗಿ ದೊಡ್ಡ ಯೋಜನೆ ಯಾವುದೇ ಇರಲಿ, ಮೊದಲು ಕಾರ್ಮಿಕ ಪ್ರತಿನಿಧಿಗಳಿಗೆ ಒಪ್ಪಿಗೆಯಾಗಬೇಕು. ಮೊದಮೊದಲು ಇದು ಕಾಲಹರಣ ಎನಿಸುತ್ತಿತ್ತು.

ಹಳೆಯ ಎರಕ ಯಂತ್ರವನ್ನು ನಿಲ್ಲಿಸುವ ಪ್ರಸ್ತಾವವನ್ನು ಅವರ ಮುಂದಿಟ್ಟ ದಿನ ಅದೇ ಹಿರಿಯರು ಎದುರಿಗೆ ಕುಳಿತಿದ್ದರು, ಈಗ ಪ್ರತಿನಿಧಿಯಾಗಿ. ಕೆಲಸಗಾರರ ಸಂಖ್ಯೆ, ನಿವೃತ್ತಿ, ಪಾಳಿ, ಎಲ್ಲದಕ್ಕೂ ಉತ್ತರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಅವರು ಅದಾವುದನ್ನೂ ಕೇಳಲಿಲ್ಲ.

‘ಕಡಿಮೆ ಅಗಲದ ಸ್ಲ್ಯಾಬ್ ಇನ್ನು ಯಾವುದರಲ್ಲಿ?’

‘ದೊಡ್ಡ ಯಂತ್ರದಲ್ಲಿ’ ಎಂದೆ. ಬಾಯಿಂದ ಮಾತು ಹೊರಬಿದ್ದ ಮೇಲೆ ನೆನಪಾಯಿತು: ಹೊರ ನಾಝಲ್ ಮುಚ್ಚುವ ವ್ಯವಸ್ಥೆ ಇದ್ದದ್ದು ಹಳೆಯದರಲ್ಲಿ ಮಾತ್ರ. ಪ್ರಸ್ತಾವ 6 ತಿಂಗಳು ಮುಂದಕ್ಕೆ ಹೋಯಿತು. ಮೊದಲು ದೊಡ್ಡ ಯಂತ್ರಕ್ಕೆ ಪ್ರತ್ಯೇಕ ಕವಾಟಗಳನ್ನು ಹಾಕಿಸಿದೆವು.