ಕಾಫಿ ಕಣದಲ್ಲಿ ಮೂಳೆ ಗಟ್ಟಿಯಾದ ಕಥೆ

ಕಳೆದ ತಿಂಗಳು ಮೈಸೂರಿನಲ್ಲಿ ಮೂರನೇ ಡೆಕ್ಸಾ, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಸ್ಕ್ಯಾನ್, ಆಯಿತು. ಬೆನ್ನುಮೂಳೆಯ ಟಿ ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿ ಕೊಡುವ ಅಂಕ, ಮೈನಸ್ ಕಡಿಮೆಯಾದಷ್ಟು ಒಳ್ಳೆಯದು) ಮೈನಸ್ 2.4 ಇದ್ದದ್ದು ಮೈನಸ್ 2.1ಕ್ಕೆ ಬಂದಿದೆ. 'ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಸೊಂಟ ಹೋಗುತ್ತೆ' ಎಂದಿದ್ದ ಪೊನ್ನಂಪೇಟೆಯ ನೆಂಟರಿಗೆಲ್ಲ ರಿಪೋರ್ಟ್ ತೋರಿಸಿದೆ.

ನಾಲ್ಕು ವರ್ಷದ ಹಿಂದೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆ ಅಂದಾಗ, ದಿನವಿಡೀ ತೋಟದಲ್ಲಿ ಓಡಾಡುವವಳಿಗೆ ಅದು ಹೇಗೆ ಅಂತ ನಂಬಲಿಲ್ಲ. ನಡಿಗೆ ಒಂದೇ ಸಾಲದು ಅಂತ ಆಮೇಲೆ ಗೊತ್ತಾಯಿತು.

ಮೊದಲ ಎರಡು ವರ್ಷ ದಂಡ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಾಫಿ ಜೊತೆ ನುಂಗುತ್ತಿದ್ದೆ. ಅದು ಊಟದ ಜೊತೆ ತಗೋಬೇಕಾದದ್ದು. ಮಲಬದ್ಧತೆ ಬಂತು, ಬಿಟ್ಟೆ. ಆಮೇಲೆ ಡಬ್ಬಿಗೆ ಸುಮಾರು 700 ರೂಪಾಯಿಯ ಪೌಷ್ಟಿಕ ಪುಡಿ, ಎಂಟು ತಿಂಗಳು. ಲೇಬಲ್ ಓದಿದ್ದು ಕೊನೆಗೆ, ಜಾಸ್ತಿ ಇದ್ದದ್ದು ಸಕ್ಕರೆ! ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಆಸುಪಾಸಿನಲ್ಲಿತ್ತು, 20 ಆದರೂ ಬೇಕು.

ಡಾಕ್ಟರ್ ಒಪ್ಪಿದ ಮೇಲೆ ಭಾರ ಎತ್ತಲು ಶುರು ಮಾಡಿದೆ. ಬೆನ್ನು ಬಾಗಿಸದೆ ಎತ್ತುವುದನ್ನು ಫಿಸಿಯೋಥೆರಪಿಸ್ಟ್ ಎರಡು ಸಲ ಕಲಿಸಿದರು, ಆ ದುಡ್ಡು ಉಳಿಸಲು ಹೋಗಬೇಡಿ. 4 ಕಿಲೋ ಕಾಫಿ ತುಂಬಿದ ಚೀಲದಿಂದ ಈಗ 20 ಕಿಲೋಗೆ ಬಂದಿದ್ದೇನೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಜನವರಿಯಿಂದ ಮಾರ್ಚ್ ತನಕ ಮಧ್ಯಾಹ್ನದ ಬಿಸಿಲಲ್ಲಿ, ಕಣದಲ್ಲೇ, ವಿಟಮಿನ್ ಡಿಗಾಗಿ ತೋಳಿಗೆ ಬಿಸಿಲು ಬೀಳುವ ಹಾಗೆ. ಜೂನ್ ಆದ ಮೇಲೆ ಇಲ್ಲಿ ಬಿಸಿಲೆಲ್ಲಿ? ಡಾಕ್ಟರ್ ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿ ಸ್ಯಾಶೆಯೇ ಗತಿ. ಅದನ್ನು ಸ್ವಂತ ಲೆಕ್ಕದಲ್ಲಿ ತಗೋಬೇಡಿ.

ಊಟದಲ್ಲಿ ಬೆಳಿಗ್ಗೆಯ ಅಕ್ಕಿ ರೊಟ್ಟಿ ವಾರಕ್ಕೆ ಎರಡು ದಿನಕ್ಕೆ ಇಳಿಯಿತು, ಉಳಿದ ದಿನ ರಾಗಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು, ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ. ಪುಡಿಯ ಅಳತೆ ಮಾತ್ರ ಹೇಳಲ್ಲ, ಅದು ಅತ್ತೆಯದು. ಒಂದು ಮಳೆಗಾಲ ಕೆಂಬು (ಕೆಸು) ಸೊಪ್ಪನ್ನೇ ನಂಬಿದ್ದೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಬಿಡುತ್ತೆ, ಮೈಗೆ ಹತ್ತೋದು ಕಡಿಮೆ. ರುಚಿಗೆ ಈಗಲೂ ಮಾಡುತ್ತೇನೆ.

ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಅಂಗಳದ ಪಾಚಿ ಉಜ್ಜಿಸುತ್ತೇನೆ. ಎರಡೂ ಸೇರಿ ವರ್ಷಕ್ಕೆ ಮೂರು ಸಾವಿರ ಆಗಿರಬಹುದು. ಮುರಿದ ಕೈಗೆ ನಲವತ್ತು ಸಾವಿರ ಸುರಿದಿದ್ದೆ, ಆ ವರ್ಷ ಕಾಫಿ ಕೊಯ್ಲಿಗೂ ಕೈ ಆಗಿರಲಿಲ್ಲ.